ಗ್ಯಾಲರಿಯಾಗ ಯಾರೋ ಕೆಮ್ಮಿದ್ರು

…ಅಲ್ಲರಿ ಅತ್ತಿ, ಮೊದಲ ಪೂರ್ತಿ ಕೇಳ್ರಿ, ಆಮ್ಯಾಲೆ ಬೈಯುವಂತ್ರಿ! ನಾ ಸಭಾದಾಗ ಎದ್ದು ನಿಂತದ್ದು ಖರೇ. ಇಲ್ಲ ಅನ್ನೂದಿಲ್ಲ. ಇಡೀ ಪಾಲಿಕಿ ನೋಡೇತಿ, ಈಗ ಇಲ್ಲ ಅಂದ್ರ ಯಾರ ನಂಬ್ತಾರ? ಆದ್ರ ಬೇಕಂತ ಎದ್ದಿಲ್ಲರಿ. ದೇವರಾಣಿ… ಆಣಿ ಬ್ಯಾಡ ಬಿಡ್ರಿ, ಸುಮ್ಮ ಹೇಳ್ತೇನಿ. ಗ್ಯಾಲರಿಯಾಗ ಯಾರೋ ಕೆಮ್ಮಿದ್ರು. ಕೆಮ್ಮಿದ್ರು, ನಾ ಎದ್ದೆ. ಅಷ್ಟ ಆಗಿದ್ದು.

ಯಾಕ ಹಂಗ ನೋಡ್ತೀರಿ? ನೀವು ರೊಟ್ಟಿ ಬಡೀರಿ. ನಾ ಇಲ್ಲೇ ಹೊಸ್ತಲದ ಮ್ಯಾಲೆ… ಹಾಂ, ಹಾಂ, ಹೊಸ್ತಲದ ಮ್ಯಾಲೆ ಕೂಡಬಾರದು, ಗೊತ್ತೈತಿ, ಸರೀತೇನಿ. ನೆಲದ ಮ್ಯಾಲೆ ಮೆಂಬರ್ ಬಾಯಿ!

ಯಾರೋ ಕೆಮ್ಮಿದ್ರ ನೀ ಯಾಕ ಏಳಬೇಕು ಅಂತೀರಿ, ಹೌದಿಲ್ಲೋ? ಬಾಯಿ ಬಿಡೂದಿಲ್ಲ ನೀವು, ಹುಬ್ಬಿನ್ಯಾಗ ಕೇಳ್ತೀರಿ. ಹಂಗಾರ ನಿಮ್ಮ ಮಗ ನಿಮಗ ಹೇಳೇ ಇಲ್ಲ! ಅಯ್ಯ ಶಿವನ! ಹೆತ್ತ ತಾಯಿಗೇ ಹೇಳಿಲ್ಲ!

ಅದೊಂದು ನಾಟಕರಿ ಅತ್ತಿ. ನಮ್ಮ ವಾರ್ಡು ಹೆಣ್ಣಮಕ್ಕಳಿಗೆ ಮೀಸಲಾದಾಗ ನೆನಪೈತೇನು? ಇವರು ಒಂದ ವಾರ ಸರಿಯಾಗಿ ಉಣ್ಣಲಿಲ್ಲ. ಉದಯಕುಮಾರ ಅನ್ನೂ ಹೆಸರಿಗೆ ಮೆಂಬರ್ ಅಂತ ಹತ್ತೇ ಹತ್ತತೈತಿ ಅಂತ ಜಾತಕಾ ಬ್ಯಾರೆ ತೋರಿಸಿ ಬಂದಿದ್ರು. ಹತ್ತಿದ್ದು ಮೀಸಲಾತಿ! ಆಮ್ಯಾಲೆ ಒಂದಿನ ಚಹಾ ಕುಡ್ಯೂ ಮುಂದ ನನ್ನ ಕಡೆ ನೋಡಿದ್ರು ನೋಡ್ರಿ… ಅವತ್ತ ನೆನಪಾತು ಅವರಿಗೆ, ಮನ್ಯಾಗ ಒಬ್ಬಾಕಿ ಹೆಣ್ಣಮಗಳು ಇದ್ದಾಳಂತ. ಪೋಸ್ಟರಿನ್ಯಾಗ ನನ್ನ ಫೋಟೋ ಅಂಚೆ ತಿಕೀಟಿನಷ್ಟು, ಅವರದು ರೊಟ್ಟಿ ಹಂಚಿನಷ್ಟು! ಗೆದ್ದೆ. ಗೆದ್ದಾಕಿ ನಾ, ಹಾರ ಬಿದ್ದಿದ್ದು ಅವರ ಕೊಳ್ಳಾಗ. ಇವತ್ತಿಗೂ ಓಣಿ ಮಂದಿ ಅವರನ್ನ ಮೆಂಬರ್ರು ಅಂತಾರ, ನನಗ ಏನಂತಾರ ಗೊತ್ತೈತೇನು? ಮೆಂಬರ್ರ ಮನಿಯವರು!

ನಗ್ರಿ, ನಗ್ರಿ. ನನಗೂ ನಗಿ ಬರ್ತೈತಿ.

ಒಂದ ತ್ರಾಸ ಏನಂದ್ರ, ಸಭಾ ನಡ್ಯೂ ಕಡೆ ಗಂಡಂದಿರನ್ನ ಒಳಗ ಬಿಡೂದಿಲ್ಲ. ಮ್ಯಾಲೆ ಗ್ಯಾಲರಿಯಾಗ ಕೂಡಬೇಕು, ಮಂದಿ ಜೋಡಿ. ಅಲ್ಲಿಂದ ನನಗ ಹೆಂಗ ಹೇಳೂದು? ಫೋನ್ ಹಚ್ಚಿದ್ರ ಎಲ್ಲಾರೂ ನೋಡ್ತಾರ. ಅದಕ್ಕ ಕೆಮ್ಮು! ಒಂದ ಸಲ ಕೆಮ್ಮಿದ್ರ ಕೈ ಎತ್ತು. ಎರಡ ಸಲ ಕೆಮ್ಮಿದ್ರ ಸುಮ್ಮ ಕೂಡು. ಮನ್ಯಾಗ ಕೂಡಿಸಿ ಪಾಠ ಮಾಡ್ಯಾರ ಅತ್ತಿ, ಖರೇನ. ಇವರು ಕೆಮ್ಮೂದು, ನಾ ಕೈ ಎತ್ತೂದು. ನಮ್ಮ ವಿದ್ಯಾ ನೋಡಿ, ‘ಪಪ್ಪಾ, ನಂಗೂ ಈ ಆಟ ಆಡಸ್ರಿ’ ಅಂದಿದ್ಲು!

ಈಗ ಇವತ್ತಿಂದು ಕೇಳ್ರಿ. ಇವತ್ತ ನಮ್ಮ ಓಣಿ ಸಾಲಿ ವಿಷಯ ಇತ್ತು. ಕಮರಿಪೇಟಿ ಮಂದಿಗೆಲ್ಲಾ ಗೊತ್ತಿದ್ದದ್ದ: ಜಾಗಾ ಪಾಲಿಕೀದು, ಮಾಸ್ತರು ಬಾಯಾರು ಸರ್ಕಾರದವರು. ಕಟ್ಟಡ ಹಳೇದಾತು, ಹುಡುಗೂರನ್ನ ದೊಡ್ಡ ರಸ್ತೆ ಆಚೀಗಿನ ಸಾಲಿಗೆ ಸೇರಸೂದು, ಈ ಜಾಗಾದಾಗ ಕೆಳಗ ಗಾಡಿ ನಿಲ್ಲಸೂದು, ಮ್ಯಾಲೆ ಮಳಿಗಿ ಕಟ್ಟೂದು. ಕಾಗದದಾಗ ಹಂಗ ಬರದಿಲ್ಲ ಮತ್ತ! ‘ಮಕ್ಕಳ ಶೈಕ್ಷಣಿಕ ಹಿತದೃಷ್ಟಿಯಿಂದ’ ಅಂತ ಬರದಾರ. ಇವರು ನನಗ ಹೇಳಿದ್ರು, ‘ಸುಮಲತಾ, ನೀ ಆ ವಾರ್ಡಿನಾಕಿ. ನೀ ಕೈ ಎತ್ತಿದ್ರ ಉಳಿದವರೆಲ್ಲಾ ಎತ್ತತಾರ. ಮಾತಾಡಾಕ ಹೋಗಬ್ಯಾಡ, ನಿನಗ ಬರೂದಿಲ್ಲ.’ ಬರೂದಿಲ್ಲ, ಖರೇ ಐತಿ. ಪ್ರಮಾಣ ವಚನದ ದಿವಸ ನನ್ನ ಹೆಸರ ನಾನ ತಪ್ಪು ಹೇಳಿದಾಕಿ ನಾ.

ಮೂಲಿ ಮಳಿಗಿ ನಮಗಂತ ಮಾತಾಗಿತ್ತು. ಅದು ನಿಮಗೂ ಗೊತ್ತು. ‘ಅವ್ವಾ, ನಿನ್ನ ಹೆಸರ ಇಡ್ತೇನಿ, ಹೊಳೆವ್ವ ಪೈಪ್ ಸ್ಟೋರ್ಸ್’ ಅಂತ ಇವರು ಅಂದಾಗ ನೀವು ಸೆರಗಿನ್ಯಾಗ ಕಣ್ಣ ಒರಿಸಿಕೊಂಡ್ರಿ. ನಾ ನೋಡೇನಿ.

ಹಾಂ… ಕೆಮ್ಮಿಗೆ ಬರ್ತೇನಿ. ಓದಿದ್ರು ವಿಷಯಾ. ನಾ ಕೈ ಮಡಲಾಗ ಇಟ್ಕೊಂಡು, ಕಿವಿ ಗ್ಯಾಲರಿ ಕಡೆ ಕೊಟ್ಟು ಕೂತೇನಿ. ಕೆಮ್ಮು ಬಂತು. ಒಂದು. ಕೈ ಎತ್ತಬೇಕು ಅನ್ನೂದ್ರಾಗ ಇನ್ನೊಂದು. ಹಂಗಾರ ಸುಮ್ಮ ಕೂಡಬೇಕು ಅನ್ನೂದ್ರಾಗ ಮೂರನೇದು! ಮೂರಕ್ಕ ಏನಂತ ಇವರು ಹೇಳೇ ಇರಲಿಲ್ಲಲ್ರಿ! ಒಂದಕ್ಕ ಕೈ, ಎರಡಕ್ಕ ಕೂಡು, ಮೂರಕ್ಕ? ಮೂರಂದ್ರ ಎದ್ದು ನಿಲ್ಲೂದಿರಬೇಕು ಅಂತ ಎದ್ದ ಬಿಟ್ಟೆ. ಎದ್ದು ಮ್ಯಾಲೆ ನೋಡ್ತೇನಿ, ನಿಮ್ಮ ಮಗ ಕೆಮ್ಮೇ ಇಲ್ಲ! ಬಾಯಿ ತಕ್ಕೊಂಡು ನನ್ನ ನೋಡಾಕತ್ತಾರ! ಬ್ಯಾರೆ ಯಾರದೋ ಕೆಮ್ಮು ಅದು.

ಯಾರದು ಅಂದ್ರ… ಯಾರದರಿ… ಗುಲಾಬಸಾಬ ಕಾಕಾಂದು ಇರಬೇಕು. ಹೌದು, ಅಂವಂದ. ನಳದ ತಕರಾರು ತಗೊಂಡು ಬಂದಿದ್ದ, ಪಾಪ, ದಮ್ಮು ಐತಲ್ಲ ಅವಗ…

ಏನದು? ಬದನಿಕಾಯಿ ಬುಟ್ಟಿ ಯಾಕ ತೋರಸ್ತೀರಿ?

ಓ. ಮಧ್ಯಾಹ್ನದಾಗ ಗುಲಾಬಸಾಬ ಇಲ್ಲೇ ಬಾಗಿಲಿಗೆ ಬಂದಿದ್ದನೇನು, ಕಾಯಿಪಲ್ಲೆ ಮಾರಾಕ? ಹಂಗಾರ… ಹಂಗಾರ ಬ್ಯಾರೆ ಯಾರೋ! ಧಾರವಾಡದ ಕಡೆಯಾಂವ ಯಾರರ ಇರಬೇಕು. ಕೆಮ್ಮಿದಾಂವನ ಹೆಸರ ನಾ ಏನ ಕೇಳಿ ಇಟ್ಕೊಂಡೇನೇನು? ಕೆಮ್ಮು ಕೆಮ್ಮ. ಬಿಡ್ರಿ.

ಆಮ್ಯಾಲೆ ಕೂಡಬೇಕಾಗಿತ್ತು, ಒಪ್ಕೋತೇನಿ. ಕೂಡಾಕ ಬಗ್ಗಿದೆ. ಅಷ್ಟರಾಗ ಮೇಯರ್ ಸಾಹೇಬ್ರು, ‘ಸುಮಲತಾ ಅವರು ಏನೋ ಹೇಳಬೇಕಂತಾರ, ಹೇಳ್ರಿ’ ಅಂದ ಬಿಟ್ರು! ಮುಂದಿನ ಮೈಕಿನ್ಯಾಗ ಕೆಂಪ ದೀಪಾ ಹತ್ತಿತು. ಇಡೀ ಸಭಾ ನನ್ನ ಕಡೆ ಹೊಳ್ಳಿ ನೋಡಾಕತ್ತಿತು. ಎಂದೂ ಮಾತಾಡದ ಗೊಂಬಿ ಎದ್ದೈತಿ ಅಂದ್ರ ಯಾರಿಗೆ ಮೋಜ ಅನಸೂದಿಲ್ಲ? ‘ಮಾನ್ಯ ಮಹಾಪೌರರೇ’ ಅಂದೆ. ದನಿ ಹೆಂಗ ಬಂತು ಅಂದ್ರ ಇಲಿ ಬಾಲಾ ಬಾಗಲಾಗ ಸಿಕ್ಕಂಗ! ಹಿಂದಿನ ಬೆಂಚಿನ್ಯಾಗ ಒಬ್ರು ಕಿಸಕ್ಕಂತ ನಕ್ಕರು.

ಮುಂದ ಏನಂದೆ ಅಂತ ನೆನಪಿಲ್ಲರಿ. ಖರೇನ ನೆನಪಿಲ್ಲ. ಬಾಯಿಗೆ ಬಂದದ್ದು ಅಂದೆ. ಧ್ವಜಾರೋಹಣದ ದಿವಸದ್ದು ಹೇಳಿದೆ ಅಂತ ಕಾಣ್ತೈತಿ…

ನಿಮಗ ಅದನ್ನ ಹೇಳಿಲ್ಲಲ್ಲ? ನಾಚಿಕಿ ಆಗಿ ಯಾರಿಗೂ ಹೇಳಿರಲಿಲ್ಲ. ಆಗಸ್ಟಿನ್ಯಾಗ ಜೆಂಡಾ ಏರಸಾಕ ಸಾಲಿಗೆ ಹೋಗಿದ್ವಲ್ಲ, ಇವರು ಭಾಷಣ ಸುರು ಮಾಡಿದ್ರು. ಜೆಂಡಾ ಏರಿಸಿದಾಕಿ ನಾ, ಭಾಷಣ ಅವರದು. ಸ್ವಾತಂತ್ರ್ಯ ಹೋರಾಟದಿಂದ ಹಿಡಿದು ನಮ್ಮ ಓಣಿ ಗಟಾರದ ತನಕ ಬಂದ್ರೂ ಮುಗೀವಲ್ದು! ನಾ ಬೆಳಿಗ್ಗೆ ಎರಡ ಕಪ್ಪು ಚಹಾ ಕುಡದು ಹೋಗಿದ್ದೆ. ತಡಿಲಿಲ್ಲರಿ ನನಗ. ಮೆಲ್ಲಕ ಹಿಂದ ಸರದು, ‘ಪಾಯಖಾನಿ ಎಲ್ಲೈತಿ’ ಅಂತ ಒಂದ ಹುಡುಗಿನ್ನ ಕೇಳಿದೆ. ನಮ್ಮ ಓಣಿ ಹುಸೇನಬಿ ಮಗಳು ಅಕಿ, ನಿಶಾತ. ಆರನೇ ಇಯತ್ತೆ. ಅಕಿ ಏನು ಮಾಡಿದ್ಲು, ಇನ್ನೊಬ್ಬಾಕಿನ್ನ ಕೂಗಿ ಕರದ್ಲು. ಇಬ್ಬರೂ ಒಂದ ಹಳೇ ಚಾದರ ತಗೊಂಡು ನನ್ನ ಹಿಂದಿಂದ ಬಂದ್ರು. ಯಾಕ ಅಂತೀರೇನು? ಬಾಗಿಲಾ ಇಲ್ಲ! ಪಾಯಖಾನಿಗೆ ಗ್ವಾಡಿ ಐತಿ, ಬಾಗಿಲಾ ಇಲ್ಲ. ಅವು ಚಾದರದ ಎರಡೂ ತುದಿ ಹಿಡಕೊಂಡು, ನನಗ ಬೆನ್ನು ಮಾಡಿ ನಿಂತು, ‘ಹೋಗ್ರಿ ಮೆಂಬರ್ ಬಾಯಾರ, ನಾವು ಹಿಡೀತೇವಿ. ದಿನಾ ಹಿಂಗ ಮಾಡ್ತೇವಿ, ಹೆದರಬ್ಯಾಡ್ರಿ’ ಅಂದುವು.

ಹೊರಗ ಮೈಕಿನ್ಯಾಗ ನಿಮ್ಮ ಮಗ ‘ನಾರಿಶಕ್ತಿ’ ಅಂತ ಒದರಾಕತ್ತಾರ, ಒಳಗ ನಾರಿಶಕ್ತಿ ಒಂದ ಹರಕ ಚಾದರದ ಹಿಂದ ಕೂತೈತಿ!

ನಗಬ್ಯಾಡ್ರಿ ಅತ್ತಿ. …ನಗಲಿಲ್ಲೇನು? ಆತು.

ಅದನ್ನ ಅಲ್ಲೇ ಸಭಾದಾಗ ಹೇಳಿದೆ. ಎಲ್ಲಾ ಗಂಡಸೂರ ಮುಂದ! ನಾಚಿಕಿ ಅನ್ನೂದು ಎಲ್ಲಿ ಹೋಗಿತ್ತೋ. ಮೊದಲ ನಕ್ಕರು. ಆಮ್ಯಾಲೆ ನಗೂದು ನಿಂತು ಹೋತು. ‘ನಾ ಒಂದ ಸಲ ಹೋಗಿ ಬಂದೆ, ಅವು ದಿನಾ ಹೋಗ್ತಾವ್ರಿ’ ಅಂದೆ. ‘ಮಾಡು ಸೋರತೈತಿ ಅಂತ ಸಾಲಿ ಕೆಡವ್ತೀರಿ, ನಮ್ಮ ಮನಿ ಮಾಳಗಿನೂ ಸೋರತಿತ್ತು, ನಾವು ಮನಿ ಬಿಟ್ಟು ಓಡಿ ಹೋಗಲಿಲ್ಲ, ಸಿಮೆಂಟ ಗಿಲಾವ್ ಮಾಡಿಸಿದ್ವಿ’ ಅಂದೆ. ‘ಸಾಲಿ ರಸ್ತೆ ಆಚೀಗೆ ಹೋದ್ರ ಹುಡುಗೂರು ಹೋಗ್ತಾವ, ಹುಡಿಗ್ಯಾರು ಹೋಗೂದಿಲ್ಲ. ಹುಸೇನಬಿ ನನಗ ಬಾಯಿ ಬಿಟ್ಟು ಹೇಳ್ಯಾಳ, ಆ ಗಾಡಿ ನಡೂಕ ನನ್ನ ಮಗಳನ್ನ ಕಳಸೂದಿಲ್ಲ, ಮನ್ಯಾಗ ಇಟ್ಕೋತೇನಿ ಅಂತ. ಮನ್ಯಾಗ ಕೂತ ಹುಡುಗಿಗೆ ಮುಂದ ಏನಾಗ್ತೈತಿ, ಇಲ್ಲಿ ಇರೂ ಎಲ್ಲಾರಿಗೂ ಗೊತ್ತೈತಿ’ ಅಂದೆ.

ನೆನಪಿಲ್ಲ ಅಂದದ್ದು ನಾನ, ಹೌದು… ಹೇಳ್ಕೋತ ಹೇಳ್ಕೋತ ನೆನಪಾಗಾಕತ್ತೈತಿ. ಹಂಗ್ಯಾಕ ನೋಡ್ತೀರಿ?

ಆಚೀ ಬದಿಯಿಂದ ಒಬ್ಬಾಂವ ಎದ್ದ. ಎದ್ದು, ‘ಮೇಡಂ, ನಿಮ್ಮ ಮಗಳು ಯಾವ ಸಾಲಿಗೆ ಹೋಗ್ತಾಳ?’ ಅಂದ. ಸತ್ತೆ ಅನ್ಕೊಂಡೆ ಅತ್ತಿ. ಕಪಾಳಕ್ಕ ಹೊಡದಂಗ ಆತು. ನಮ್ಮ ವಿದ್ಯಾ ಟೈ ಕಟ್ಟಿಕೊಂಡು ಇಂಗ್ಲೀಷ ಸಾಲಿಗೆ ಹೋಗೂದು ಯಾರಿಗೆ ಗೊತ್ತಿಲ್ಲ? ಎಲ್ಲಾರೂ ಬೆಂಚು ಬಡದ್ರು. ನನಗೂ ನನ್ನ ನೋಡಿ ನಗಿ ಬಂತು, ಹೂಂ, ದೊಡ್ಡಾಕಿ ಬಂದ್ಲು ಸಾಲಿ ಉಳಸಾಕ! ‘ವ್ಯಾನಿನ್ಯಾಗ ಹೋಗ್ತಾಳ್ರಿ’ ಅಂದೆ. ‘ಖಾಸಗಿ ಸಾಲಿ, ಬಾಗಿಲಕ್ಕ ಬಂದು ಕರಕೊಂಡು ಹೋಗ್ತಾರ, ಅಕಿ ರಸ್ತೆನ ದಾಟೂದಿಲ್ಲ. ಅದಕ್ಕ ಈ ವಿಷಯ ತಿಳ್ಕೊಳ್ಳಾಕ ನನಗ ಇಷ್ಟು ದಿವಸ ಹಿಡೀತು. ನಿಮ್ಮ ಮಕ್ಕಳೂ ವ್ಯಾನಿನ್ಯಾಗ ಹೋಗ್ತಾರಲ್ರಿ?’ ಅಂದೆ.

ಅಂವ ತನ್ನ ಮೈಕ ಬಂದ್ ಮಾಡಿದ.

ಆಗ ಸುರು ಆತು ನೋಡ್ರಿ ಮ್ಯಾಲೆ! ನಿಮ್ಮ ಮಗ ಎರಡ ಸಲ ಕೆಮ್ಮಿದ್ರು. ಮತ್ತ ಎರಡ ಸಲ. ಮತ್ತ! ಸುಮ್ಮ ಕೂಡು, ಸುಮ್ಮ ಕೂಡು, ಸುಮ್ಮ ಕೂಡು. ಬಾಜೂಕಿನಾಂವ ನೀರಿನ ಬಾಟ್ಲಿ ಕೊಟ್ಟ, ಪಾಪ! ನಾ ಕೂಡೂದ್ರಾಗ ವಿರೋಧ ಪಕ್ಷದ ಮಂದಾಕಿನಿ ಬಾಯಾರು ಎದ್ದರು. ‘ನಮ್ಮ ವಾರ್ಡಿನ ಸಾಲ್ಯಾಗೂ ಬಾಗಿಲಾ ಇಲ್ಲ, ಇದನ್ನ ಬರಕೊಳ್ರಿ’ ಅಂದ್ರು. ಅವರ ಹಿಂದ ರಾಯಾಪುರದ ಕಡೆಯಾಕಿ ಒಬ್ಬಾಕಿ, ನನ್ನಂಗ ಎಂದೂ ಬಾಯಿ ಬಿಡದಾಕಿ, ಅಕಿನೂ ಎದ್ಲು. ಅಕಿ ಗಂಡನೂ ಗ್ಯಾಲರಿಯಾಗ ಕೆಮ್ಮಾಕತ್ತಿದ! ಎಲ್ಲಾರ ಮನಿಯಾಗೂ ಇದ ಪಾಠ ನಡದಿತ್ತು ಅಂತ ಅವತ್ತ… ಇವತ್ತ ಗೊತ್ತಾತು ನನಗ. ಗ್ಯಾಲರಿ ಅನ್ನೂದು ದವಾಖಾನಿ ಆಗಿತ್ತರಿ ಅತ್ತಿ, ದವಾಖಾನಿ!

ಸಾಲಿ ಉಳೀತು ಅಂತ ತಿಳ್ಕೋಬ್ಯಾಡ್ರಿ. ಅಷ್ಟ ಶಾಣ್ಯಾಕಿ ಅಲ್ಲ ನಾ. ವಿಷಯಾ ಮುಂದಕ್ಕ ಹಾಕಿದ್ರು. ನಾಕು ಮಂದಿ ಬಂದು ಕಟ್ಟಡ ನೋಡ್ತಾರಂತ, ರಿಪೇರಿ ಆಗ್ತೈತೋ ಇಲ್ಲೋ ಅಂತ ಹೇಳ್ತಾರಂತ. ಬಾಗಿಲಾ ಮಾತ್ರ ಲಗೂನ ಹಚ್ಚಸ್ತೇವಿ ಅಂದ್ರು. ಇಷ್ಟು ಕುಣದು ಕುಪ್ಪಳಿಸಿ ನಾ ತಂದದ್ದು ಏನಂದ್ರ, ಪಾಯಖಾನಿಗೆ ಒಂದ ಬಾಗಿಲಾ! ಮೆಂಬರ್ ಬಾಯಿ ಸಾಧನೆ!

ಸಭಾ ಮುಗಿಸಿ ಹೊರಗ ಬಂದು ನೋಡ್ತೇನಿ, ಇವರಿಲ್ಲ. ಗಾಡಿ ತಗೊಂಡು ಹೋಗ್ಯಾರ. ಯಾರ ಕಡೆ ಹೋಗ್ಯಾರಂತ ನನಗ ಗೊತ್ತೈತಿ, ಮಳಿಗಿ ಮಾತ ಕೊಟ್ಟವರ ಕಡೆ. ಅವರ ಮುಂದ ಕೈ ಕಟ್ಟಿ ಬೈಸ್ಕೋತ ನಿಂತಿರಬೇಕು. ನಾ ಆಟೋ ಹಿಡದು ಬಂದೆ. ಆಟೋದಾಂವ ಕನ್ನಡಿಯಾಗ ನೋಡಿ, ‘ನೀವು ಮೆಂಬರ್ರ ಮನಿಯವರಲ್ರಿ?’ ಅಂದ. ಹೌದಪಾ ಅಂದೆ. ಇನ್ನೇನ ಅನ್ನಲಿ?

ಈಗ ನೀವು ಒಂದ ಉಪಕಾರ ಮಾಡಬೇಕು ಅತ್ತಿ. ಅದಕ್ಕ ಓಡಿ ಬಂದು ನಿಮ್ಮ ಮುಂದ ಕೂತೇನಿ. ಇವರು ಬಂದ ಕೂಡ್ಲೆ ನನ್ನ ಮ್ಯಾಲೆ ಹಾರಿ ಬರ್ತಾರ. ನೀವು ನಡುವ ಒಂದ ಮಾತ ಹೇಳ್ರಿ, ‘ಪಾಪ, ದಡ್ಡಿ ಐತಿ, ಕೆಮ್ಮಿಗೆ ಮೋಸ ಹೋಗೇತಿ, ಬಿಡೋ’ ಅಂತ. ನಿಮ್ಮ ಮಾತ ಅವರು ತೆಗದ ಹಾಕೂದಿಲ್ಲ. ದಡ್ಡಿ ಅಂದ್ರ ನನಗ ಏನೂ ಬ್ಯಾಸರಿಲ್ಲ. ದಡ್ಡಿ ಆದ್ರ ಈ ಮನ್ಯಾಗ ಬಾಳ್ವೆ ಮಾಡಬಹುದು. ಬೇಕಂತ ಮಾಡೀನಿ ಅಂದ್ರ…

ಹೇಳ್ತೀರಲ್ಲ?

ಅತ್ತಿ?

ಯಾಕ ಒಂದೂ ಮಾತಾಡವಲ್ರಿ? ಆವಾಗಿಂದ ನಾನ ಒದರಾಕತ್ತೇನಿ. ಬೈಯರ ಬೈರಿ! ‘ನಾಕ ಮಂದ್ಯಾಗ ನನ್ನ ಮಗನ ಮಾನ ಕಳದಿ’ ಅನ್ರಿ. ಪಲ್ಯಾಕ್ಕ ಉಪ್ಪು ಹೆಚ್ಚಾದ್ರ ಮೂರು ದಿವಸ ಬೈಯಾಕಿ ನೀವು. ಇವತ್ತ ಇಷ್ಟೆಲ್ಲಾ ಆದ್ರೂ ನಿಮಗ ಆಶ್ಚರ್ಯರ ಬ್ಯಾಡೇನು? ಒಂದ ಸಲನೂ ‘ಹೌದೇನು’ ಅನ್ನಲಿಲ್ಲ ನೀವು. ಮೊದಲ ಗೊತ್ತಿದ್ದವರಂಗ…

ಮ್ಯಾಲೆ ಏನ ನೋಡ್ತೀರಿ? ಹಲ್ಲಿ ಐತೇನು?

ಹಲ್ಲಿ ಅಲ್ಲ. ಮಾಳಗಿ. ಮಾಳಗಿ ಮ್ಯಾಲೆ ಏನೈತಿ ಅತ್ತಿ, ನೀರಿನ ಟಾಕಿ ಬಿಟ್ರ…

…ಟಾಕಿ.

ಅತ್ತಿ. ನಿಮಗ ಕೇಳಸ್ತಿತ್ತೇನು?

ಯಾವಾಗಿಂದ? ಮೊದಲನೇ ದಿವಸದಿಂದ? ಅಯ್ಯಯ್ಯೋ… ಹಂಗಾರ ನಾ ಟಾಕಿಗೆ ಕೈ ಮುಗದು ‘ಮಾನ್ಯ ಮಹಾಪೌರರೇ’ ಅಂತಿದ್ದದ್ದೂ ಕೇಳೀರಿ? ದನಿ ದಪ್ಪ ಮಾಡಿ ನಾನ ನನಗ ‘ಕೂತ್ಕೊಳ್ರಿ ಮೇಡಂ’ ಅಂತಿದ್ದದ್ದು? ಬಾಯಿ ತಪ್ಪಿದಾಗ ಕಪಾಳ ಬಡಕೊಂಡು ಮತ್ತ ಮೊದಲಿಂದ ಭಾಷಣ ಸುರು ಮಾಡ್ತಿದ್ದದ್ದು? ಎಲ್ಲಾ?

ಅಂದ್ರ… ದಿನಾ ಸಂಜಿಕ ಇವರು ಬಂದ ಕೂಡ್ಲೆ ನೀವು ಟಿವಿ ಅಷ್ಟು ಜೋರ ಇಡ್ತಿದ್ರಿ. ಅವ್ವಗ ಕಿವಿ ಮಂದ ಆಗ್ಯಾವ, ದವಾಖಾನಿಗೆ ತೋರಸ್ರಿ ಅಂತ ನಾ ಇವರಿಗೆ ಹೇಳಿದ್ದೆ. ‘ಸುಮಿ ಎಲ್ಲೆ’ ಅಂದ್ರ ‘ಹಪ್ಪಳ ತರಾಕ ಮ್ಯಾಲೆ ಹೋಗ್ಯಾಳ’ ಅಂತಿದ್ರಿ. ಯಾವ ಹಪ್ಪಳ ಅತ್ತಿ? ಹಪ್ಪಳ ಒಣಗಿಸಿ ಡಬ್ಬಿಗೆ ತುಂಬಿ ಎಷ್ಟೋ ದಿವಸ ಆಗಿತ್ತಲ್ಲ!

ನೀವು ಗೊತ್ತಿದ್ದೂ ಮಗಗ ಹೇಳ್ಲಿಲ್ಲ.

…ಇಲ್ಲ. ನಾ ಏಳೂ ಮೊದಲ ಯಾರೂ ಕೆಮ್ಮಿರಲಿಲ್ಲ. ಸಭಾದಾಗ ಸೂಜಿ ಬಿದ್ರೂ ಕೇಳೂ ಹಂಗಿತ್ತು. ಆ ಗುಲಾಬಸಾಬಂದೂ ಸುಳ್ಳು, ಮೂರನೇ ಕೆಮ್ಮೂ ಸುಳ್ಳು. ವಿಷಯಾ ಓದಿದ್ರು, ನಾ ಎದ್ದೆ. ನಾನ ಎದ್ದೆ ಅತ್ತಿ. ಎದ್ದಿದ್ದು ಗೊತ್ತಾಗ್ಲಿ ಅಂತ ಖುರ್ಚಿನೂ ಹಿಂದ ದೂಡಿದೆ. ಆ ಚಾದರ ಹಿಡದು ನಿಂತಿದ್ದುವಲ್ಲ, ಅವುಕ್ಕ ಕೈ ನೋಯ್ತಿತ್ತು. ನಿಶಾತ ಒಂದ ಕೈಯಿಂದ ಇನ್ನೊಂದ ಕೈಗೆ ಬದಲ ಮಾಡೂದು ನನಗ ಕಾಣ್ತಿತ್ತು. ಆದ್ರೂ ಕೆಳಗ ಇಳಸಲಿಲ್ಲ ಅವು. ಅವತ್ತ ಮನಿಗೆ ಬಂದು ನಿದ್ದಿ ಹತ್ತಲಿಲ್ಲ ನನಗ.

ಆದ್ರ ನಿಮ್ಮ ಹೆಸರಿನ ಅಂಗಡಿ ಹೋತಲ್ರಿ ಅತ್ತಿ. ಅದನ್ನ ನೆನಸಿಕೊಂಡ್ರ ನಿಮ್ಮ ಮಾರಿ ನೋಡಾಕ ಆಗವಲ್ದು ನನಗ. ಇಡೀ ಜಲ್ಮದಾಗ ನಿಮ್ಮ ಹೆಸರ ಯಾವ ಗ್ವಾಡಿ ಮ್ಯಾಲೂ… ಏ, ರೊಟ್ಟಿ ಅಷ್ಟ ಜೋರ ಬಡೀಬ್ಯಾಡ್ರಿ, ಹರೀತೈತಿ ಅದು! ಆತು, ಆತು. ಅಂಗಡಿ ಮಾತ ಎತ್ತೂದಿಲ್ಲ. ಬಿಟ್ಟೆ.

ತಡೀರಿ. ಗಾಡಿ ಸಪ್ಪಳ.

ಬಂದ್ರು.

ಸ್ಟ್ಯಾಂಡ ಹಾಕಿದ್ದು ಕೇಳ್ರಿ, ನೆಲಾ ಒಡ್ಯೂ ಹಂಗ ಹಾಕ್ಯಾರ. ಏನ ಮಾಡ್ಲಿ ಈಗ? ಮಾಳಗಿಗೆ ಹೋಗಿ ಕೂಡ್ಲೇನು? ನೀವು ಸುಮ್ಮ ‘ಕೆಮ್ಮಿಗೆ ಎದ್ದಾಳ’ ಅಂತ ಒಂದ ಸಲ… ಬ್ಯಾಡಂತೀರಿ? ಹಂಗ ಹೇಳೂದಿಲ್ಲ ನೀವು?

ಏನಿದು? ತಾಟು ನನಗ್ಯಾಕ ಇಡ್ತೀರಿ? ಅವರು ಇನ್ನೂ ಉಂಡಿಲ್ಲ. ಈ ಮನ್ಯಾಗ ಗಂಡಸೂರು ಉಣ್ಣೂಕಿಂತ ಮೊದಲ ನಾನಾಗ್ಲಿ ನೀವಾಗ್ಲಿ ಎಂದರ… ಬೆಣ್ಣಿ ಬ್ಯಾರೆ ಹಾಕಿದ್ರಿ! ಅತ್ತಿ, ನನ್ನ ಕಣ್ಣಾಗ ನೀರ ತರಸಬ್ಯಾಡ್ರಿ, ಅಳಕೋತ ಹೋದ್ರ ಅವರಿಗೆ ಇನ್ನೂ ಜೋರ ಬರ್ತೈತಿ.

ನೀವೆಲ್ಲಿ ಎದ್ದ ಹೊಂಟ್ರಿ, ಹಿಟ್ಟಿನ ಕೈಲೆ? ಬಾಗಿಲಾಗ ಅಡ್ಡ ನಿಲ್ಲಾಕೇನು? ಬ್ಯಾಡ. ಖರೇ ಹೇಳ್ತೇನಿ, ಬ್ಯಾಡ. ಇಷ್ಟು ದಿವಸ ಅವರ ಹಿಂದ ನಿಂತೆ, ಇವತ್ತ ನಿಮ್ಮ ಹಿಂದ ನಿಂತ್ರ ನಾಳೆ ಮತ್ತ ಯಾರ ಹಿಂದ ನಿಲ್ಲಲಿ? ಕೂಡ್ರಿ. ಕೈ ಬಿಡ್ರಿ ಅತ್ತಿ.

ಒಂದ ತುತ್ತು ತಿಂತೇನಿ. ಹಾಂ… ಬಿಸಿ ಐತಿ.

ಕೇಳಿಸ್ತು ರೀ! ಬಂದೆ, ಬಾಗಿಲಾ ಮುರೀಬ್ಯಾಡ್ರಿ!

ಒಲಿ ಮ್ಯಾಲಿನ ರೊಟ್ಟಿ ಹೊತ್ತಾಕತ್ತೈತಿ, ಅದನ್ನ ನೋಡ್ರಿ ನೀವು. ಬಾಗಿಲಾ ನಾನ ತಗೀತೇನಿ.